ಪರದೇಶಿ ಪ್ರಧಾನಿ ಮಹಮೂದ ಗವಾನ

ಮಾನವಿಯಿಂದ ಸಿಂಧನೂರಿಗೆ ಪೋತ್ನಾಳದ ಮೇಲೆ ಹಾಯ್ದು ಹೋಗುವವರಿಗೆ, ಹಳೆಯ ಊರುಗಳ ಹೆಸರಿನ ನಡುನಡುವೆ ಕ್ಯಾಂಪು ಎಂಬ ಮಾತು ಕಿವಿಗೆ ಬೀಳದೆ ಇರುವದಿಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಈ ಎರೆಭೂಮಿಗೆ ಹರಿದು ಬಂದ ಮೇಲೆ, ಆಂಧ್ರದ ಕರಾವಳಿಯ ಜಿಲ್ಲೆಗಳಿಂದ ಒಕ್ಕಲು ಮಕ್ಕಳು ಬಂದು, ಹೊಲ ಕೊಂಡು, ಜೋಳ ಬೆಳೆಯುವಲ್ಲಿ ನೆಲ್ಲು ಬೆಳೆದು ನೆಲೆನಿಂತ ತಾಣಗಳಿವು. ಸಿಂಧನೂರು ತಾಲೂಕಿನಲ್ಲಿ ಇನ್ನೊಂದು ಬಗೆಯ ಕ್ಯಾಂಪುಗಳುಂಟು. ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರಕಾರವು ಅಲ್ಲಿ ನೆಲ ಕೊಟ್ಟಿತು. ನೆಲ ದೊರೆತರೂ ನಾಗರಿಕತ್ವದ ಕಾಗದ ದೊರೆಯಲಿಲ್ಲವೆಂದು ಅವರಲ್ಲಿ ಅನೇಕರು ದಶಕಗಟ್ಟಲೆ ಕಾಯ್ದುಕೊಂಡಿದ್ದರು. ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಗಳಲ್ಲಿ ಕನ್ನಡ ಕಲಿತು, ಇಲ್ಲಿಯ ಮಾರುಕಟ್ಟೆಯಲ್ಲಿ ಕನ್ನಡದಲ್ಲಿಯೇ ಚೌಕಾಸಿ ಮಾಡುವ ಅವರ ಮಕ್ಕಳಿಗೂ ನಮ್ಮವರ ಬಾಯಲ್ಲಿ ಕ್ಯಾಂಪಿನವರು ಎಂಬ ಹೆಸರು ಬಿಟ್ಟಿಲ್ಲ. ಎಷ್ಟು ತಲೆ ಕಳೆದ ಮೇಲೆ ಬಂದವನು ಊರಿನವನಾಗುವನು?

ಈ ಪ್ರಶ್ನೆಯು ನಮ್ಮ ದೋಅಬಕ್ಕೆ ಹೊಸದಲ್ಲ. ಐದುನೂರು ವರ್ಷಗಳಿಗಿಂತ ಹಿಂದೆ ಇದೇ ಪ್ರಶ್ನೆಯ ಮೇಲೆ ಒಂದು ದೊಡ್ಡ ರಾಜ್ಯವು ಒಡೆದು ಹೋಯಿತು. ಆ ಒಡಕಿಗೆ ಬಲಿಯಾದ ಪುರುಷನು ರಾಯಚೂರು ಮುದಗಲ್ಲುಗಳು ಸೇರಿದ ಬಿಜಾಪುರ ಪ್ರಾಂತವನ್ನು ತನ್ನ ಸ್ವಂತ ಆಡಳಿತದಲ್ಲಿ ಇಟ್ಟುಕೊಂಡಿದ್ದವನು. ಬೀದರದ ಮದರಸೆಯ ಮುರುಕು ಭಿತ್ತಿಗಳನ್ನು ಕಂಡವರು ಮಹಮೂದ ಗವಾನನ ಹೆಸರನ್ನು ಕೇಳಿರುವರು. ಆತನು ಯಾತಕ್ಕಾಗಿ ಸತ್ತನೆಂಬುದನ್ನು ಬಲ್ಲವರು ಅಷ್ಟು ಜನರಿಲ್ಲ.

ಗವಾನನು ಸುಮಾರು 1411ರಲ್ಲಿ ಕಾಸ್ಪಿಯನ್ ಸಮುದ್ರದ ದಂಡೆಯ ಮೇಲಿರುವ ಗೀಲಾನ ಪ್ರಾಂತದಲ್ಲಿ ಹುಟ್ಟಿದನು. ಆತನ ಮನೆತನದವರು ಅಲ್ಲಿಯ ಅರಸರಲ್ಲಿ ಮಂತ್ರಿಗಳಾಗಿದ್ದರು. ದರಬಾರದ ಕಾರಸ್ಥಾನಗಳಿಗೆ ಬೇಸತ್ತು ಆತನು ಊರು ಬಿಟ್ಟು ವ್ಯಾಪಾರಕ್ಕಿಳಿದನು. 1453ರಲ್ಲಿ ದಾಭೋಳ ಬಂದರದಲ್ಲಿ ಇಳಿದು ಬೀದರಕ್ಕೆ ಬಂದಾಗ ಆತನಿಗೆ ನಾಲ್ವತ್ತು ದಾಟಿತ್ತು. ಒಬ್ಬ ಸಾಧುಪುರುಷನ ದರ್ಶನ ಪಡೆದು ಮುಂದೆ ದಿಲ್ಲಿಗೆ ಹೋಗುವದು ಆತನ ಮನಸ್ಸಿನಲ್ಲಿದ್ದಿತು. ಸುಲ್ತಾನ ಎರಡನೆಯ ಅಲಾಉದ್ದೀನ ಅಹಮದನು ಆತನ ಮಾತುಗಾರಿಕೆ, ಓದು, ಲೋಕಾನುಭವಗಳನ್ನು ಕಂಡು ಇಲ್ಲಿಯೇ ನಿಲ್ಲಿಸಿಕೊಂಡನು. ದಿಲ್ಲಿಯು ಅಲ್ಲಿಗೇ ಉಳಿಯಿತು.

ಆತನು ಕಾಲಿಟ್ಟ ಬೀದರವು ಒಂದೇ ಊರಾಗಿ ತೋರಿದರೂ ಒಳಗೆ ಎರಡಾಗಿತ್ತು. 1327ರಲ್ಲಿ ಮಹಮ್ಮದ ತುಘಲಖನು ದಿಲ್ಲಿಯ ಜನರನ್ನು ದೌಲತಾಬಾದಕ್ಕೆ ಎಬ್ಬಿಸಿ ತಂದನಷ್ಟೆ? ಆಗ ಬಂದು ಇಲ್ಲಿಯೇ ಉಳಿದವರ ಮಕ್ಕಳು ಮೊಮ್ಮಕ್ಕಳು ತಮ್ಮನ್ನು ದಖ್ಖನಿಗಳೆಂದು ಕರೆದುಕೊಂಡರು. 1347ರಲ್ಲಿ ಬಹಮನೀ ರಾಜ್ಯವನ್ನು ಕಟ್ಟಿದವರು ಇವರೇ. ಮುಂದೆ ಅರಸರು ಪಾರಸಿ, ತುರ್ಕಿ, ಅರಬೀ ದೇಶಗಳಿಂದ ಹೊಸ ಸಿಪಾಯಿಗಳನ್ನೂ ಕಾರಕೂನರನ್ನೂ ಹಡಗು ತುಂಬಿ ತರಿಸತೊಡಗಿದರು. ಈ ಹೊಸಬರಿಗೆ ಆಫಾಕಿಗಳೆಂದು ಹೆಸರು, ಗರೀಬರೆಂದೂ ಹೆಸರು. ಗರೀಬನೆಂದರೆ ಮೂಲದಲ್ಲಿ ಬಡವನಲ್ಲ, ತನ್ನ ಊರಿನಿಂದ ದೂರವಾದವನು. ನಮ್ಮ ಕನ್ನಡದಲ್ಲಿಯೂ ಪರದೇಶಿ ಎಂಬ ಶಬ್ದಕ್ಕೆ ಇದೇ ಗತಿಯಾಗಿರುವದು: ಬೇರೆ ದೇಶದವನೆಂಬ ಅರ್ಥವಿದ್ದುದು ದಿಕ್ಕಿಲ್ಲದವನು ಎಂದಾಯಿತು. ಎರಡು ಭಾಷೆಗಳ ಜನರು ಒಬ್ಬರನ್ನೊಬ್ಬರು ಕೇಳದೆಯೇ ಇದೊಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ವಿಚಾರ ಮಾಡತಕ್ಕ ಸಂಗತಿ.

ಬೀದರದ ಗರೀಬರು ಮಾತ್ರ ಬಡವರಾಗಿರಲಿಲ್ಲ. ಜಗಳದ ಮೂಲವೂ ಅಲ್ಲಿಯೇ ಇದ್ದಿತು. ದರಬಾರದಲ್ಲಿ ಆಫಾಕಿಗಳು ಅರಸನ ಬಲಗಡೆಗೆ, ದಖ್ಖನಿಗಳೂ ಹಬಶಿಗಳೂ ಎಡಗಡೆಗೆ ನಿಲ್ಲತಕ್ಕದ್ದೆಂದು ಅಪ್ಪಣೆಯಾಗಿದ್ದಿತು. ತಮ್ಮ ಅಜ್ಜಂದಿರು ಕಟ್ಟಿದ ರಾಜ್ಯದಲ್ಲಿ ನಿನ್ನೆ ಹಡಗಿನಿಂದ ಇಳಿದವನು ಬಲಗಡೆಗೆ ನಿಂತದ್ದನ್ನು ದಿನಾಲು ನೋಡುವದು ಎಡಗಡೆಯವರ ಪಾಲಿಗೆ ಬಂದಿತು. 1447ರ ಸುಮಾರಿಗೆ ಕೊಂಕಣದ ದಂಡಯಾತ್ರೆಯಲ್ಲಿ ಸೋತು ಬಂದ ಆಫಾಕಿ ಸೈನ್ಯವು ಪುಣೆಯ ಹತ್ತಿರದ ಚಾಕಣ ಕೋಟೆಯಲ್ಲಿ ಆಶ್ರಯ ಪಡೆಯಿತು. ಇವರು ದ್ರೋಹಿಗಳಾಗಿರುವರೆಂದು ದಖ್ಖನಿ ಸರದಾರರು ಅರಸನಿಗೆ ಬರೆದು, ಅಪ್ಪಣೆ ತರಿಸಿ, ಅಭಯ ಕೊಟ್ಟು, ಊಟಕ್ಕೆ ಕರೆದು ಅವರನ್ನು ಕೊಂದರು. ನಿಜವು ತಿಳಿದ ಮೇಲೆ ಅರಸನು ಕೊಂದವರನ್ನು ಶಿಕ್ಷಿಸಿದನು. ಗವಾನನು ಬಂದದ್ದು ಈ ರಕ್ತವು ಇನ್ನೂ ಆರದ ಕಾಲದಲ್ಲಿ.

ಇಲ್ಲಿಂದ ಮುಂದೆ ಆತನ ಏಳಿಗೆಯ ಕಥೆಯನ್ನು ಬೇಗನೆ ಹೇಳಬಹುದು. ತೆಲಂಗಾಣದ ಬಂಡಾಯವನ್ನು ಅಡಗಿಸಿದನು. ಹುಮಾಯೂನ ಸುಲ್ತಾನನ ಕಾಲದಲ್ಲಿ ಮಲಿಕ್-ಉತ್-ತುಜ್ಜಾರ, ಎಂದರೆ ವರ್ತಕಶ್ರೇಷ್ಠನೆಂಬ ಬಿರುದಿನೊಡನೆ ಮಂತ್ರಿಯಾದನು. 1461ರಲ್ಲಿ ಎಂಟು ವರ್ಷದ ಹುಡುಗನು ಪಟ್ಟಕ್ಕೆ ಬಂದಾಗ ರಾಜಮಾತೆಯೊಡನೆ ರಾಜ್ಯಭಾರದ ನೊಗಕ್ಕೆ ಹೆಗಲು ಕೊಟ್ಟನು. ಮರುವರ್ಷ ಮಾಳವದ ಸುಲ್ತಾನನು ಬೀದರಕ್ಕೆ ಮುತ್ತಿಗೆ ಹಾಕಲು, ಗುಜರಾಥದ ನೆರವು ತಂದು ಆತನನ್ನು ಓಡಿಸಿದನು. ಮೂರನೆಯ ಮಹಮ್ಮದನ ಆಳಿಕೆಯಲ್ಲಿ ಮುಖ್ಯ ಪ್ರಧಾನಿಯಾಗಿ 1472ರಲ್ಲಿ ಗೋವೆಯನ್ನು ವಿಜಯನಗರದಿಂದ ಗೆದ್ದನು. ಅದರ ಬೆನ್ನಿಗೇ ಬೆಳಗಾವಿಯೂ ಬಹಮನಿಗಳ ಕೈಸೇರಿತು. ಹಂಪೆಯ ವೈಭವವನ್ನು ನೆನೆದು ಬೆಳೆದ ನಾವು ಈ ಗೆಲುವುಗಳನ್ನು ಸಂತೋಷದಿಂದ ಬರೆಯಲಾರೆವು. ಆದರೆ ಗವಾನನು ತಾನು ಉಪ್ಪು ತಿಂದ ಮನೆಗೆ ಎರಡು ಬಗೆದನೆಂದು ಆತನ ಶತ್ರುವಾದ ವಿಜಯನಗರದವರೂ ಹೇಳುವಂತಿರಲಿಲ್ಲ.

ಆತನ ನಿಜವಾದ ಸಾಹಸವು ಯುದ್ಧಗಳಲ್ಲಿಲ್ಲ, ಆಡಳಿತದ ಸುಧಾರಣೆಯಲ್ಲಿದೆ. ರಾಜ್ಯದ ನಾಲ್ಕು ಪ್ರಾಂತಗಳು ನಾಲ್ಕು ಸಣ್ಣ ರಾಜ್ಯಗಳಂತೆ ಬೆಳೆದಿದ್ದವು. ಆತನು ಅವನ್ನು ಎಂಟು ಮಾಡಿದನು. ಒಂದೊಂದು ಪ್ರಾಂತದಲ್ಲಿ ಒಂದೇ ಕೋಟೆಯನ್ನು ಸುಭೇದಾರನ ವಶಕ್ಕೆ ಬಿಟ್ಟು ಉಳಿದ ಕೋಟೆಗಳಿಗೆ ಕಿಲ್ಲೇದಾರರನ್ನು ಬೀದರದಿಂದಲೇ ನೇಮಿಸಿದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದನು. ಸರದಾರರು ತಾವು ಸಂಬಳ ಪಡೆದಷ್ಟು ಸಿಪಾಯಿಗಳನ್ನು ನಿಜವಾಗಿಯೂ ಇಟ್ಟಿರುವರೋ ಇಲ್ಲವೋ ಎಂದು ಲೆಕ್ಕ ಕೇಳಿದನು. ಲೆಕ್ಕ ಕೇಳುವ ಅಧಿಕಾರಿಯು ಯಾವ ಕಾಲದಲ್ಲಿಯೂ ಸ್ನೇಹಿತರನ್ನು ಸಂಪಾದಿಸಿದ್ದಿಲ್ಲ.

ಎಂಟು ಪ್ರಾಂತಗಳನ್ನು ಯಾರಿಗೆ ಹಂಚಿದನೆಂಬುದನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ದೌಲತಾಬಾದವು, ತಾನು ಮಗನಂತೆ ಕಂಡ ಆಫಾಕಿ ಯೂಸುಫ್ ಆದಿಲಖಾನನಿಗೆ. ಕಲಬುರ್ಗಿಯು ದಸ್ತೂರ ದೀನಾರನೆಂಬ ಹಬಶಿಗೆ. ಮಾಹೂರವೂ ಒಬ್ಬ ಹಬಶಿಗೆ. ಗಾವಿಲಗಡವು ಫತೇಉಲ್ಲಾ ಇಮಾದ-ಉಲ್-ಮುಲ್ಕನಿಗೆ, ರಾಜಮಹೇಂದ್ರಿಯು ಮಲಿಕ್ ಹಸನನಿಗೆ. ಈ ಕೊನೆಯ ಇಬ್ಬರೂ ವಿಜಯನಗರದ ಸೀಮೆಯ ಹಿಂದೂಗಳ ಮನೆಗಳಲ್ಲಿ ಹುಟ್ಟಿ, ಚಿಕ್ಕವರಿರುವಾಗ ಯುದ್ಧದಲ್ಲಿ ಸೆರೆಸಿಕ್ಕು, ಮುಸಲ್ಮಾನರಾಗಿ ಬೆಳೆದವರೆಂದು ಇತಿಹಾಸಕಾರ ಫರಿಸ್ತನು ಹೇಳುವನು. ಬಲಗಡೆಯವರಿಗೂ ಎಡಗಡೆಯವರಿಗೂ ಸರಿಪಾಲು ಮಾಡಿದರೆ ಇಬ್ಬರೂ ರಾಜ್ಯವನ್ನು ತಮ್ಮದೆಂದು ತಿಳಿದಾರೆಂದು ಆ ಪರದೇಶಿಯು ನಂಬಿದ್ದನು. ಪಾಲು ಸರಿಯಾಗಿತ್ತು, ಆದರೆ ಮಲಿಕ್ ಹಸನನು ಇಡಿಯ ತೆಲಂಗಾಣವನ್ನು ಆಸೆಪಟ್ಟಿದ್ದನು. ಅದನ್ನು ಎರಡಾಗಿ ಸೀಳಿ ಓರಂಗಲ್ಲನ್ನು ಬೇರೊಬ್ಬನಿಗೆ ಕೊಟ್ಟದ್ದನ್ನು ಆತನು ಮರೆಯಲಿಲ್ಲ.

ಗವಾನನು ಈ ನೆಲದವನಾದನೇ ಎಂದು ಕೇಳಿದರೆ ಉತ್ತರವು ಸುಲಭವಲ್ಲ. 1472ರಲ್ಲಿ ಬೀದರದಲ್ಲಿ ಮೂರಂತಸ್ತಿನ ಮದರಸೆಯನ್ನು ಕಟ್ಟಿಸಿ, ಬಣ್ಣದ ಹೆಂಚುಗಳಿಂದ ಅಲಂಕರಿಸಿ, ತನ್ನ ಗ್ರಂಥಗಳನ್ನು ಅಲ್ಲಿರಿಸಿದನು. ಆದರೆ ಆ ಕಟ್ಟಡವನ್ನು ನೋಡಿದರೆ ಸಮರಖಂದದ ನೆನಪಾಗುವದೇ ಹೊರತು ಬಾದಾಮಿಯದಲ್ಲ. ಪಾಠ ಹೇಳಲು ಹೆರಾತದ ಕವಿ ಜಾಮಿಯನ್ನು ಕರೆದನು, ಆತನು ಬರಲಿಲ್ಲ. ರಿಯಾಜ-ಉಲ್-ಇನ್ಶಾ ಎಂಬ ಆತನ ಪತ್ರಸಂಗ್ರಹದಲ್ಲಿ ತುರ್ಕಸ್ತಾನದ ಸುಲ್ತಾನನಿಗೂ ಪಾರಸೀ ಪಂಡಿತರಿಗೂ ಬರೆದ ಕಾಗದಗಳಿವೆ, ಮಕ್ಕಳಿಗೆ ಬರೆದವೂ ಇವೆ. ಒಬ್ಬ ಮಗನು ಗೀಲಾನದಲ್ಲಿಯೇ ಇದ್ದನು. ತಂದೆಯು ಬಿಟ್ಟು ಬಂದ ಊರಿನಲ್ಲಿ ಮಗ, ತಂದೆಯು ಸಾಯಲಿರುವ ಊರಿನಲ್ಲಿ ತಂದೆ. ನಡುವೆ ವರ್ಷಕ್ಕೊಮ್ಮೆ ಗಾಳಿ ನೋಡಿ ಹೊರಡುವ ಹಡಗು. ಮುಂಬಯಿಗೋ ಅರಬಸ್ತಾನಕ್ಕೋ ಮಕ್ಕಳನ್ನು ಕಳುಹಿಸಿದ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಲಗಡೆ ಎಡಗಡೆಯೆಂಬ ಎರಡೂ ಸಾಲುಗಳಲ್ಲಿ ಇಲ್ಲದವನೊಬ್ಬನಿದ್ದನು. ಆತನು ಈ ಭೂಮಿಯನ್ನು ಉಳುವ ರೈತ. ಆ ಕಾಲದಲ್ಲಿ ಬೀದರಕ್ಕೆ ಬಂದಿದ್ದ ರಶಿಯಾದ ವರ್ತಕ ನಿಕಿತಿನನು, ಆಳುವವರೆಲ್ಲ ಖುರಾಸಾನದವರೆಂದೂ, ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ತಿರುಗುವರೆಂದೂ, ಹಳ್ಳಿಯ ಜನವು ಬಹು ಬಡತನದಲ್ಲಿದೆಯೆಂದೂ ಬರೆದಿಟ್ಟಿರುವನು. ನೆಲವು ಯಾರದೆಂದು ದರಬಾರದಲ್ಲಿ ಬಡಿದಾಡುತ್ತಿದ್ದವರು ಕನ್ನಡ, ತೆಲುಗು, ಮರಾಠಿಗಳನ್ನಾಡುವ ಆ ಜನರನ್ನು ಒಂದು ಮಾತು ಕೇಳಿದ್ದು ಕಾಣುವದಿಲ್ಲ. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ನಿಶ್ಚಯಿಸಿದ ಮಟ್ಟಿಗೆ ಗವಾನನಿಗೆ ಆ ರೈತನ ನೆನಪಿದ್ದಿತೆಂದು ಹೇಳಬೇಕು. ಉಳಿದವರಿಗೆ ಅಷ್ಟೂ ಇರಲಿಲ್ಲ.

1481ರ ಆರಂಭದಲ್ಲಿ ಸುಲ್ತಾನನು ಪೂರ್ವತೀರದ ದಂಡಯಾತ್ರೆಯಲ್ಲಿದ್ದನು. ಕಂಚಿಯನ್ನು ಸೂರೆಗೊಂಡು ಬಂದಿದ್ದನು. ಗವಾನನ ಬೆಂಬಲಿಗನಾದ ಯೂಸುಫನು ದಂಡಿನಿಂದ ದೂರವಿದ್ದನು. ಮಲಿಕ್ ಹಸನನ ಪಕ್ಷದವರು ಇದೇ ಸಮಯವೆಂದು ಗವಾನನ ಮುದ್ರೆಯನ್ನು ಕಾಯುವ ಹಬಶಿಯನ್ನು ಒಲಿಸಿಕೊಂಡು, ಕುಡಿಸಿ, ಮಡಿಚಿದ ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಓಢ್ರದ ರಾಜನಿಗೆ ಒಂದು ಪತ್ರವನ್ನು ಬರೆದರು: ಸುಲ್ತಾನನು ಕುಡುಕನು, ಪ್ರಜೆಗಳು ಬೇಸತ್ತಿರುವರು, ದಂಡೆತ್ತಿ ಬಂದರೆ ರಾಜ್ಯವನ್ನು ಹಂಚಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಕಾಗದವು ಸುಲ್ತಾನನ ಕೈಗೆ ಸೇರಿತು. ಸ್ನೇಹಿತರು ಸುದ್ದಿ ತಿಳಿದು, ಕುದುರೆಗಳು ಸಿದ್ಧವಿವೆ, ಗುಜರಾಥಕ್ಕೆ ಹೊರಟುಹೋಗೆಂದು ಗವಾನನಿಗೆ ಹೇಳಿದರು. ತಪ್ಪು ಮಾಡದವನು ಓಡುವದೇಕೆಂದು ಆತನು ಒಪ್ಪಲಿಲ್ಲ. ಸುಲ್ತಾನನ ಮುಂದೆ ನಿಂತು, ಮುದ್ರೆಯು ನನ್ನದೇ ಹೌದು, ಪತ್ರವು ನನ್ನದಲ್ಲವೆಂದು ತಿಳಿಸಿದನು. ಕುಡಿದಿದ್ದ ಸುಲ್ತಾನನು ಮುಂದೆ ವಿಚಾರಣೆ ಮಾಡಲಿಲ್ಲ. ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ, ತನಗೆ ಅಕ್ಷರ ಕಲಿಯುವ ವಯಸ್ಸಿನಿಂದ ರಾಜ್ಯವನ್ನು ಕಾಯ್ದುಕೊಟ್ಟ ಮುದುಕನ ತಲೆಯನ್ನು ಹೊಡೆಯಿಸಿದನು.

ಇದರಲ್ಲಿ ನಮ್ಮನ್ನು ಕಾಡುವದು ಕಪಟವಲ್ಲ. ದರಬಾರಗಳಲ್ಲಿ ಕಪಟವು ನಿತ್ಯದ ಸಂಗತಿ. ಆ ಕಾಗದವನ್ನು ನಂಬಲು ಅಷ್ಟು ಸುಲಭವಾದದ್ದೇಕೆ? ಇಪ್ಪತ್ತೆಂಟು ವರ್ಷ ದುಡಿದ ಪ್ರಧಾನಿಯು ರಾಜ್ಯವನ್ನು ಮಾರಿಯಾನೆಂಬ ಮಾತು ಒಂದು ಗಳಿಗೆಯಲ್ಲಿ ನಿಜವೆನಿಸಿತು. ಏಕೆಂದರೆ ಹೊರಗಿನಿಂದ ಬಂದವನು ಎಂದಾದರೊಂದು ದಿನ ಹೊರಗಿನವರೊಡನೆ ಸೇರಿಯಾನೆಂಬ ಸಂಶಯವನ್ನು ಎಡಗಡೆಯ ಸಾಲಿನವರು ಎರಡು ತಲೆಗಳಿಂದ ಬಿತ್ತುತ್ತ ಬಂದಿದ್ದರು. ಬಲಗಡೆಯ ಸಾಲಿನವರೂ ತಮ್ಮ ಗರ್ವದಿಂದ ಅದಕ್ಕೆ ನೀರೆರೆದಿದ್ದರು.

ಗವಾನನ ಸಂಪತ್ತನ್ನು ವಶಪಡಿಸಿಕೊಳ್ಳ ಹೋದ ಸುಲ್ತಾನನಿಗೆ ಹೇಳಿಕೊಳ್ಳುವಂಥದೇನೂ ಸಿಕ್ಕಲಿಲ್ಲ. ಬಂದದ್ದೆಲ್ಲ ಸಿಪಾಯಿಗಳಿಗೂ ಬಡವರಿಗೂ ಹೋಗುತ್ತಿತ್ತೆಂದೂ, ಒಡೆಯನು ಚಾಪೆಯ ಮೇಲೆ ಮಲಗಿ ಮಣ್ಣಿನ ಪಾತ್ರೆಗಳಲ್ಲಿ ಅಡಿಗೆ ಮಾಡಿಸಿಕೊಂಡು ಉಣ್ಣುತ್ತಿದ್ದನೆಂದೂ ಖಜಾನೆಯವನು ತಿಳಿಸಿದನು. ಸುಲ್ತಾನನು ವರ್ಷ ತುಂಬುವದರೊಳಗೆ, 1482ರಲ್ಲಿ, ತೀರಿಕೊಂಡನು. ಬೀದರದ ಬೀದಿಗಳಲ್ಲಿ ಎರಡು ಪಕ್ಷಗಳು ದಿನಗಟ್ಟಲೆ ಕಡಿದಾಡಿದವು. ಮಲಿಕ್ ಹಸನನೂ 1486ರಲ್ಲಿ ಕೊಲೆಯಾದನು. ಆತನ ಮಗನು ಅಹಮದನಗರದಲ್ಲಿಯೂ, ಯೂಸುಫನು ಬಿಜಾಪುರದಲ್ಲಿಯೂ, ಫತೇಉಲ್ಲಾನು ವರ್ಹಾಡದಲ್ಲಿಯೂ ಸ್ವತಂತ್ರರಾದರು. ರಾಯಚೂರು ಬಿಜಾಪುರದ ಪಾಲಿಗೆ ಬಂದು, 1520ರಲ್ಲಿ ಕೃಷ್ಣದೇವರಾಯನ ಕೈಸೇರಿತು.

ಸಂಶಯವು ಮಾತ್ರ ಎಲ್ಲರ ಪಾಲಿಗೂ ಬಂದಿತು. ಯೂಸುಫನ ಮಗ ಇಸ್ಮಾಯಿಲ ಆದಿಲಶಹನು ತನ್ನ ಸೈನ್ಯದಲ್ಲಿ ದಖ್ಖನಿ ಹಬಶಿಗಳು ಬೇಡವೆಂದದ್ದಲ್ಲದೆ, ಪರದೇಶಸ್ಥರಿಗೆ ಈ ನೆಲದಲ್ಲಿ ಹುಟ್ಟಿದ ಮಕ್ಕಳೂ ಬೇಡವೆಂದನು. ತಂದೆಗೆ ದೊರೆಯುವ ಕೆಲಸವು ಮಗನಿಗೆ ಹುಟ್ಟಿದ ಊರಿನ ದೋಷದಿಂದ ದೊರೆಯದು! ಎಷ್ಟೋ ವರ್ಷಗಳ ಮೇಲೆ ಆ ಮಕ್ಕಳಿಗೆ ಬಾಗಿಲು ತೆರೆಯಿತು. ಇಸ್ಮಾಯಿಲನ ಮಗ ಇಬ್ರಾಹಿಮನು ಪಟ್ಟಕ್ಕೆ ಬಂದೊಡನೆ ಚಕ್ರವನ್ನು ತಿರುಗಿಸಿ, ಪರದೇಶಸ್ಥರಲ್ಲಿ ಬಹು ಜನರನ್ನು ಕೆಲಸದಿಂದ ತೆಗೆದು, ದಖ್ಖನಿಗಳನ್ನು ಸೇರಿಸಿ, ಸರಕಾರದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಂದನು. ಆತನ ಮಗ ಅಲಿಯು ಅದನ್ನು ಮತ್ತೆ ತಿರುಗಿಸಿದನು.

ಬಹಮನೀ ಅರಸರ ಗುಮ್ಮಟಗಳು ಬೀದರದ ಹತ್ತಿರ ಅಷ್ಟೂರಿನಲ್ಲಿ ಸಾಲಾಗಿ ನಿಂತಿವೆ. ಗವಾನನ ಗೋರಿಯು ಊರ ಹೊರಗೆ ಬೇರೊಂದು ದಿಕ್ಕಿನಲ್ಲಿ, ಒಂದು ಕಟ್ಟೆಯ ಮೇಲೆ ಇರುವದು. ಅದಕ್ಕೆ ಗುಮ್ಮಟವಿಲ್ಲ.