ಗೋಕಾಕದ ಘೇಂಡಾಮೃಗ ಮತ್ತು ಫೂಟ್ ಸಾಹೇಬರು

ಬೆಳಗಾವಿಯಿಂದ ಗೋಕಾಕಕ್ಕೆ ಹೋದವರು ಜಲಪಾತವನ್ನು ನೋಡುತ್ತಾರೆ, ಕರದಂಟು ಕಟ್ಟಿಸಿಕೊಂಡು ಬರುತ್ತಾರೆ. ಅದೇ ಸೀಮೆಯ ಹಳ್ಳದ ದಂಡೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತೆಂದರೆ ನಂಬುವವರು ಕಡಿಮೆ. ವಡಗಾವಿಯ ನಮ್ಮ ಓಣಿಯಲ್ಲಿ ಈ ಸಂಗತಿಯನ್ನು ನಾನು ಹೇಳಿದಾಗ ಮಗ್ಗದಲ್ಲಿ ಕುಳಿತಿದ್ದ ದೊಡ್ಡಪ್ಪ ಲಾಳಿಯನ್ನು ನಿಲ್ಲಿಸಿ, ಅದಕ್ಕೆ ಹೆಸರಿಟ್ಟವರು ಯಾರೆಂದು ಕೇಳಿದರು. ಪ್ರಾಣಿ ಇತ್ತೋ ಇಲ್ಲವೋ ಎಂಬುದನ್ನು ಅವರು ಕೇಳಲಿಲ್ಲ. ಇಳಕಲ್ಲಿನ ಹೆಸರು ಸೀರೆಗೆ ಹತ್ತಿದ್ದನ್ನು ಬಲ್ಲ ನೇಕಾರರಿಗೆ ಸಹಜವಾದ ಪ್ರಶ್ನೆಯೇ ಅದು. ಅಂದು ನಾನು ಅರ್ಧಮರ್ಧ ಕೊಟ್ಟ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸಿಗೆ ಬಂದರು. ಇಲಾಖೆಯೇ ಆಗ ಏಳು ವರ್ಷದ ಕೂಸು. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರದಲ್ಲಿ, ಜಲ್ಲಿ ತೋಡಿದ ಗುಂಡಿಯೊಂದರಲ್ಲಿ, ಮನುಷ್ಯನ ಕೈಯಿಂದ ಚಕ್ಕೆ ಎಬ್ಬಿಸಿದ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು. ಭಾರತದಲ್ಲಿ ಹಳೆ ಶಿಲಾಯುಗದ ಅಧ್ಯಯನ ಆ ಕಲ್ಲಿನಿಂದ ಆರಂಭವಾಯಿತೆಂದು ವಿದ್ವಾಂಸರು ಎಣಿಸುತ್ತಾರೆ. ಪಾಠಪುಸ್ತಕಗಳು ಫೂಟರನ್ನು ಈ ಒಂದು ದಿನಕ್ಕೇ ಕಟ್ಟಿಹಾಕಿಬಿಟ್ಟಿವೆ. ನನಗೆ ಅವರು ಹತ್ತಿರವಾದದ್ದು ಅದರ ಮುಂದಿನ ದಶಕದಲ್ಲಿ.

ಆ ದಶಕದಲ್ಲಿ ಅವರ ಪಾಲಿಗೆ ಬಂದದ್ದು ದಕ್ಷಿಣ ಮರಾಠಾ ಸೀಮೆ, ಎಂದರೆ ನಮ್ಮ ಬೆಳಗಾವಿ, ಧಾರವಾಡ, ಕಲಾದಗಿಗಳ ಪ್ರದೇಶ. ರೈಲು ಬೆಳಗಾವಿಗೆ ಇನ್ನೂ ಬಂದಿರದ ಕಾಲವದು. ಬೆಳಗಾವಿಯ ಸುತ್ತಲಿನ ಕರಿಕಲ್ಲು, ಅದರ ಮೇಲಿನ ಜಂಬಿಟ್ಟಿಗೆ, ಗೋಕಾಕದಲ್ಲಿ ಘಟಪ್ರಭೆ ಧುಮುಕುವ ಗಡುಸಾದ ಮರಳುಗಲ್ಲು, ಎಲ್ಲವನ್ನೂ ಅವರು ನಕ್ಷೆಗಿಳಿಸಿದರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಕಣಿವೆಯಲ್ಲಿ, ಬಾದಾಮಿ ಕಡೆಯ ಖ್ಯಾಡದ ಬಳಿ, ಶಿಲಾಯುಗದ ಆಯುಧಗಳನ್ನು ಆರಿಸಿದರು. ಇನ್ನು ಗೋಕಾಕದ ಸಮೀಪ, ಅವರು ಚಿಕ್‌ದೌಲಿ ಎಂದು ಬರೆದ ಹಳ್ಳಿಯ ಬಳಿ, ಹಳ್ಳವು ತಂದೊಟ್ಟಿದ ಹಳೆಯ ಮಣ್ಣಿನಲ್ಲಿ ಘೇಂಡಾಮೃಗದ ಹಲ್ಲು, ಎಲುಬುಗಳು ಸಿಕ್ಕವು.

ಇಲ್ಲಿಯೇ ನಿಜವಾದ ತೊಡಕು. ಎಲುಬು ಸಿಕ್ಕರೆ ಹೆಸರು ಸಿಕ್ಕಂತಲ್ಲ. ಈಗ ಅಸ್ಸಾಮಿನಲ್ಲಿರುವ ಘೇಂಡಾಮೃಗದ್ದೇ ಅದು ಎಂದು ಹೇಳಿ ಕೈತೊಳೆದುಕೊಳ್ಳಬಹುದು; ಇಲ್ಲವೆ ಹೊಸ ಜಾತಿಯೆಂದು ಹೇಳಿ ಅದರ ಹೊಣೆ ಹೊರಬಹುದು. ಈ ಪ್ರಾಣಿಗಳನ್ನು ವಿಂಗಡಿಸಲು ಮುಖ್ಯ ಆಧಾರ ದವಡೆಹಲ್ಲಿನ ಮಡಿಕೆ. ಫೂಟರ ಕಸುಬು ಬಂಡೆಗಳದ್ದು, ಹಲ್ಲಿನದ್ದಲ್ಲ. ಆದರೂ 1874ರಲ್ಲಿ ಇಲಾಖೆಯ ಪಳೆಯುಳಿಕೆಗಳ ಗ್ರಂಥಮಾಲೆಯಲ್ಲಿ ತಾವೇ ಅದನ್ನು ವರ್ಣಿಸಿ ರೈನೋಸಿರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ದಖ್ಖನ್ನಿನ ಘೇಂಡಾಮೃಗ ಎಂದರ್ಥ. ಗೋಕಾಕದ ಹೆಸರನ್ನೇ ಇಡಬಹುದಿತ್ತಲ್ಲ ಎಂಬ ಸಣ್ಣ ಬೇಸರ ನನಗಿದೆ.

ಈ ಎರಡು ಪದಗಳ ನಾಮಕರಣದ ಪದ್ಧತಿ ಲಿನೇಯಸನದು. ಮೊದಲ ಪದ ಕುಲ, ಎರಡನೆಯದು ಜಾತಿ. ಮುಂದಿನವರು ಕುಲವನ್ನು ಬದಲಿಸಬಹುದು, ಆದರೆ ಸಕ್ರಮವಾಗಿ ಮೊದಲು ಇಟ್ಟ ಜಾತಿಯ ಹೆಸರು ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಜರ್ಮನಿಯ ಎಹ್ರೆನ್‌ಬರ್ಗ್ ಎಂಬ ವಿದ್ವಾಂಸ ಚಕಮಕಿ ಕಲ್ಲನ್ನು ತೆಳುವಾಗಿಸಿ, ಸೂಕ್ಷ್ಮದರ್ಶಕದಲ್ಲಿ ಮುಳ್ಳುಗುಂಡುಗಳನ್ನು ಕಂಡು, ಸಿಹಿನೀರಿನ ಪಾಚಿಯ ಕುಲಕ್ಕೆ ಸೇರಿಸಿ ಕ್ಸಾಂಥಿಡಿಯಂ ರಾಮೋಸಂ ಎಂದು 1838ರಲ್ಲಿ ಕರೆದ. ಅವು ಡೈನೊಫ್ಲಾಜೆಲೇಟ್ ಎಂಬ ಕಡಲ ಸೂಕ್ಷ್ಮಜೀವಿಯ ಸುಪ್ತಕೋಶಗಳೆಂದು ಅಮೆರಿಕದ ಎವಿಟ್ ತೋರಿಸಿದ್ದು 1961ರಲ್ಲಿ. ಇಂದು ಅದು ಸ್ಪಿನಿಫೆರೈಟಿಸ್ ರಾಮೋಸಸ್. ಕುಲ ಹೋಯಿತು, ಎಹ್ರೆನ್‌ಬರ್ಗನ ಎರಡನೆಯ ಪದ ಉಳಿಯಿತು. ಕಣ್ಣಿಗೆ ಕಾಣದ ಕೋಶಕ್ಕೂ ಗೋಕಾಕದ ಘೇಂಡಾಮೃಗಕ್ಕೂ ಈ ವಿಷಯದಲ್ಲಿ ನಿಯಮ ಒಂದೇ. ಅದರಿಂದಲೇ ಡೆಕ್ಕನೆನ್ಸಿಸ್ ಎಂಬುದರ ಮುಂದೆ ಫೂಟ್, 1874 ಎಂದು ಬರೆಯುವುದು ರೂಢಿ. ತಪ್ಪಾದರೂ ಹೆಸರಿಟ್ಟವನ ಲೆಕ್ಕಕ್ಕೇ ಅದು ಜಮೆ.

1876ರಲ್ಲಿ ಈ ಸೀಮೆಯ ಭೂರಚನೆಯ ಮೇಲಿನ ಅವರ ದೊಡ್ಡ ಗ್ರಂಥ ಹೊರಬಂತು. ಗೋಕಾಕದ ಮರಳುಗಲ್ಲನ್ನೊಳಗೊಂಡ ಶಿಲಾಸಮೂಹಕ್ಕೆ ಅದರಲ್ಲಿ ಕಲಾದಗಿ ಶ್ರೇಣಿ ಎಂಬ ಹೆಸರು ಬಂತು. ಅದೇ ಗ್ರಂಥದಲ್ಲಿ ಅವರು ಧಾರವಾಡದ ಕಡೆಯ ಪದರಗಲ್ಲುಗಳನ್ನು ಹಳೆಯ ನೈಸ್ ಬಂಡೆಗಳೊಂದಿಗೇ ಕೂಡಿಸಿಬಿಟ್ಟಿದ್ದರು. ಮುಂದೆ ಬಳ್ಳಾರಿ ಸೀಮೆಯನ್ನು ತಿರುಗಿದ ಮೇಲೆ ಆ ವಿಂಗಡಣೆ ಸರಿಯಲ್ಲವೆಂದು ಮನಗಂಡು, 1880ರ ದಶಕದಲ್ಲಿ ಅವುಗಳನ್ನು ಪ್ರತ್ಯೇಕಿಸಿ ಧಾರವಾಡ ವ್ಯವಸ್ಥೆ ಎಂದು ಕರೆದರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇದರಲ್ಲಿಯೇ ಇದೆಯೆಂದು 1888ರಲ್ಲಿ ಬರೆದರು. 250 ಕೋಟಿ ವರ್ಷಕ್ಕೂ ಹಳೆಯ ಆ ಬಂಡೆಗಳನ್ನು ಭೂಗರ್ಭಶಾಸ್ತ್ರಜ್ಞರು ಇಂದಿಗೂ ಧಾರವಾಡದ ಹೆಸರಿನಿಂದಲೇ ಗುರುತಿಸುತ್ತಾರೆ. ಬರೆದದ್ದನ್ನು ತಾವೇ ತಿದ್ದಿಕೊಂಡ ಈ ಪ್ರಸಂಗ ಪಲ್ಲಾವರದ ಕಲ್ಲಿಗಿಂತ ದೊಡ್ಡದೆಂದು ನನ್ನ ಎಣಿಕೆ.

ಉಳಿದುದನ್ನು ಬೇಗ ಹೇಳುತ್ತೇನೆ. 1884ರಲ್ಲಿ ಮಗ ಹೆನ್ರಿಯೊಡನೆ ಕರ್ನೂಲಿನ ಬಿಲ್ಲಸುರ್ಗಂ ಗವಿಗಳನ್ನು ಅಗೆಸಿದರು. ಅಲ್ಲಿಯೂ ಘೇಂಡಾಮೃಗದ ಅವಶೇಷ ಸಿಕ್ಕಿತು. ಅದಕ್ಕೆ ಕರ್ನೂಲಿಯೆನ್ಸಿಸ್ ಎಂದು ಹೆಸರಿಟ್ಟವರು ಲಿಡೆಕ್ಕರ್. ಕರ್ನೂಲಿಗೆ ದೊರೆತ ಭಾಗ್ಯ ಗೋಕಾಕಕ್ಕೆ ತಪ್ಪಿತು ನೋಡಿ! 1891ರಲ್ಲಿ ನಿವೃತ್ತರಾದ ಬಳಿಕ ಬರೋಡೆಗಾಗಿ ದುಡಿದರು, ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಮೊದಲ ದಿನಗಳಲ್ಲಿ ಅದಕ್ಕೂ ದುಡಿದರು. ಮುಪ್ಪಿನಲ್ಲಿ ಯೇರ್ಕಾಡಿನ ಬೆಟ್ಟದ ಮೇಲೆ ನೆಲೆಸಿ, ಜೀವಮಾನವೆಲ್ಲ ಕೂಡಿಸಿದ ಕಲ್ಲು, ಮಡಕೆಚೂರುಗಳ ಪಟ್ಟಿಯನ್ನು ಬರೆಯುತ್ತ ಕುಳಿತರು. ಆ ಸಂಗ್ರಹವನ್ನು ಮದರಾಸಿನ ವಸ್ತುಸಂಗ್ರಹಾಲಯ 1904ರಲ್ಲಿ ಕೊಂಡುಕೊಂಡಿತು. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ಅವರು ತೀರಿಕೊಂಡರು. ಪಟ್ಟಿ ಅಚ್ಚಾದದ್ದು 1914ರಲ್ಲಿ.

ಇದಿಷ್ಟನ್ನೂ ದೊಡ್ಡಪ್ಪನಿಗೆ ಓದಿ ಹೇಳಿದೆ. ಸಾಹೇಬರು ಗೋಕಾಕದ ಹೆಸರು ಯಾಕೆ ಬಿಟ್ಟರು ಎಂದು ಅವರೂ ಕೇಳಿ, ಕಡಿದ ಎಳೆಯನ್ನು ಗಂಟುಹಾಕತೊಡಗಿದರು.