ನೀರನ್ನೇ ಗೇರ್ ಮಾಡಿದ ಫೋಟಿಂಗರ್

ಆಟೋಮ್ಯಾಟಿಕ್ ಕಾರಿನ ಕೆಳಗೆ ಕೆಂಪು ಎಣ್ಣೆ ಕಲೆ ಕಂಡ್ರೆ ನಾವು ಸೀಲ್ ಹೋಗಿದೆ ಅಂತೀವಿ. ಆ ಎಣ್ಣೆಗೆ ಅಲ್ಲೇನು ಕೆಲಸ ಅಂತ ಕೇಳಲ್ಲ.

ಹರ್ಮನ್ ಫೋಟಿಂಗರ್ ಹುಟ್ಟಿದ್ದು 1877ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಮ್ಯೂನಿಕ್‌ನಲ್ಲಿ ಓದಿದ್ದು ಎಲೆಕ್ಟ್ರಿಕಲ್, ಕೆಲಸ ಮಾತ್ರ ಸ್ಟೆಟಿನ್‌ನ ವಲ್ಕನ್ ಹಡಗು ಕಾರ್ಖಾನೆಯಲ್ಲಿ. ಅಲ್ಲೊಂದು ತಲೆನೋವಿತ್ತು: ಸ್ಟೀಮ್ ಟರ್ಬೈನ್ ಜೋರಾಗಿ ತಿರುಗಬೇಕು, ಪ್ರೊಪೆಲ್ಲರ್ ನಿಧಾನವಾಗಿ. ಅಷ್ಟು ಶಕ್ತಿ ತಡೆಯೋ ಹಲ್ಲಿನ ಗೇರ್ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವರು ಪಂಪು, ಟರ್ಬೈನು ಎರಡನ್ನೂ ಒಂದೇ ಡಬ್ಬಿಯೊಳಗೆ ಕೂರಿಸಿ ನೀರಿನಿಂದಲೇ ಶಕ್ತಿ ದಾಟಿಸಿದರು. 1905ರಲ್ಲಿ ಪೇಟೆಂಟ್ ಪಡೆದರು. ಮುಂದೆ ಡಾನ್ಜಿಗ್, ಆಮೇಲೆ ಬರ್ಲಿನ್‌ನಲ್ಲಿ ಪ್ರೊಫೆಸರ್ ಆದರು.

ಹಡಗಿನಲ್ಲಿ ಕೊನೆಗೆ ಹಲ್ಲಿನ ಗೇರೇ ಗೆದ್ದಿತು. 1945ರ ಏಪ್ರಿಲ್‌ನಲ್ಲಿ, ಬರ್ಲಿನ್ ಕದನದ ನಡುವೆ ಫೋಟಿಂಗರ್ ತೀರಿಕೊಂಡರು. ಮೂರೇ ವರ್ಷಕ್ಕೆ ಬ್ಯೂಕ್ ಕಾರಿನ ಡೈನಾಫ್ಲೋದಲ್ಲಿ ಅವರ ಟಾರ್ಕ್ ಕನ್ವರ್ಟರ್ ರಸ್ತೆಗಿಳಿಯಿತು, ನೀರಿನ ಬದಲು ಎಣ್ಣೆ ತುಂಬಿಕೊಂಡು.

ಎಂಜಿನ್, ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ಸೋರಿದ್ರೆ ಮೊದಲು ಬಣ್ಣ ನೋಡಬೇಕು. ಕೆಂಪಾದ್ರೆ ಕನ್ವರ್ಟರ್ ಸೀಲ್ ಮೇಲೆ ಅನುಮಾನ, ಕಂದು-ಕಪ್ಪಾದ್ರೆ ಎಂಜಿನ್ನಿನ ಹಿಂದಿನ ಸೀಲ್ ಮೇಲೆ. ಹಳೆಯ ಎಣ್ಣೆಯೂ ಕಂದಾಗುತ್ತೆ, ಹಾಗಾಗಿ ಒರೆಸಿ, ಸ್ವಲ್ಪ ಓಡಿಸಿ, ಮೊದಲು ಒದ್ದೆಯಾಗೋ ಜಾಗ ಹುಡುಕಬೇಕು. ಸುಮ್ಮನೆ ಬಿಟ್ರೆ ಒಂದಿನ ಎಂಜಿನ್ ಕೂಗುತ್ತೆ, ಕಾರು ಕದಲಲ್ಲ. ಫೋಟಿಂಗರ್ ಕಟ್ಟಿದ ಸೇತುವೆಯೇ ಆ ಎಣ್ಣೆ.