ಟೀಕಾಚಾರ್ಯ ಜಯತೀರ್ಥರು

ಯಾರಾದರೂ ನಮ್ಮನ್ನು ಟೀಕೆ ಮಾಡಿದರೆ ನಮಗೆ ಸಿಟ್ಟು ಬರ್ತದ. ಆದರೆ ಟೀಕೆ ಬರೆದೇ ದೊಡ್ಡ ಹೆಸರು ಪಡೆದವರೊಬ್ಬರು ನಮ್ಮ ಯಾದಗಿರಿ ಜಿಲ್ಲೆಯ ಯರಗೋಳದಲ್ಲಿ ಇದ್ದರು. ಆ ಕಾಲದಲ್ಲಿ ಟೀಕೆ ಅಂದರೆ ಬೈಯುವುದಲ್ಲ, ಕಠಿಣವಾದ ಗ್ರಂಥದ ಅರ್ಥವನ್ನು ಬಿಡಿಸಿ ಹೇಳುವುದು. ಅವರೇ ಜಯತೀರ್ಥರು. ಜನ ಅವರನ್ನು ಟೀಕಾಚಾರ್ಯರು ಅಂತಲೇ ಕರೆಯುತ್ತಾರೆ.

ಜಯತೀರ್ಥರು 14ನೇ ಶತಮಾನದವರು. ಅವರು ಹುಟ್ಟಿದ್ದು ಮಂಗಳವೇಢೆಯಲ್ಲಿ ಎಂದು ಹೇಳುತ್ತಾರೆ. ಅದು ಈಗ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ. ಮೊದಲಿನ ಹೆಸರು ಧೋಂಡೋಪಂತ. ಶ್ರೀಮಂತರ ಮನೆ, ಕುದುರೆ ಸವಾರಿ, ಯಾವುದಕ್ಕೂ ಕೊರತೆ ಇರಲಿಲ್ಲ. ಒಂದು ದಿನ ಅವರು ನೀರಡಿಸಿ ಭೀಮಾ ನದಿಗೆ ಬಂದರಂತೆ. ಕುದುರೆಯಿಂದ ಇಳಿಯಲಿಲ್ಲ, ಬೊಗಸೆಯನ್ನೂ ಒಡ್ಡಲಿಲ್ಲ. ಕುದುರೆ ಮೇಲಿಂದಲೇ ಬಗ್ಗಿ ನಮ್ಮ ದನಗಳು ಕುಡಿಯುವ ಹಾಗೆ ಬಾಯಿ ಹಚ್ಚಿ ನೀರು ಕುಡಿದರು. ದಂಡೆಯ ಮೇಲಿದ್ದ ಅಕ್ಷೋಭ್ಯತೀರ್ಥರು ಇದನ್ನು ನೋಡಿ, ನೀನೇನು ಹಿಂದಿನ ಜನ್ಮದಲ್ಲಿ ಎತ್ತಾಗಿದ್ದೆಯಾ ಎಂದು ಕೇಳಿದರಂತೆ. ಆ ಮಾತು ಹುಡುಗನ ಮನಸ್ಸಿಗೆ ನಾಟಿತು. ಮನೆ ಬಿಟ್ಟು ಸನ್ಯಾಸಿಯಾಗಲು ಹೊರಟ. ತಂದೆ ಸಿಟ್ಟಿನಿಂದ ವಾಪಸ್ ಕರೆದುಕೊಂಡು ಹೋದರು, ಆದರೆ ಮಗನ ಮನಸ್ಸು ತಿರುಗಲಿಲ್ಲ. ಕೊನೆಗೆ ತಂದೆಯೇ ಒಪ್ಪಬೇಕಾಯಿತು. ಇದು ಕಥೆಯೋ ನಿಜವೋ ಏನೇ ಇರಲಿ, ನನಗಂತೂ ಬಹಳ ಸೇರ್ತದ.

ಅಕ್ಷೋಭ್ಯತೀರ್ಥರು ಮಧ್ವಾಚಾರ್ಯರ ನೇರ ಶಿಷ್ಯರು. ಉಡುಪಿಯ ಹತ್ತಿರ ಹುಟ್ಟಿದ ಮಧ್ವರು ದೇವರು ಬೇರೆ, ಜೀವ ಬೇರೆ, ಈ ಜಗತ್ತು ಸುಳ್ಳಲ್ಲ ಎಂದು ಸಾರಿದವರು. ಆದರೆ ಅವರ ಬರಹ ಬಹಳ ಚಿಕ್ಕದು, ಬಿಗಿಯಾದದ್ದು. ಒಂದು ಸಾಲಿನಲ್ಲಿ ಹತ್ತು ಮಾತು ಅಡಗಿರುತ್ತವೆ. ಬಿಡಿಸಿ ಹೇಳುವವರು ಇಲ್ಲದಿದ್ದರೆ ಮುಂದಿನವರಿಗೆ ಅದು ತಿಳಿಯುವುದೇ ಕಷ್ಟವಾಗುತ್ತಿತ್ತು. ಆ ಕೆಲಸವನ್ನು ಜಯತೀರ್ಥರು ಹೊತ್ತುಕೊಂಡರು. ಯರಗೋಳದ ಗುಹೆಯಲ್ಲಿ ಕುಳಿತು ಟೀಕೆಗಳನ್ನು ಬರೆದರು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆಗ ಕಾಗದ, ಪೆನ್ನು ಎಲ್ಲಿಯದು? ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಬರೆಯಬೇಕು.

ಮಧ್ವರ ಅನುವ್ಯಾಖ್ಯಾನಕ್ಕೆ ಅವರು ಬರೆದ ನ್ಯಾಯಸುಧಾ ಎಲ್ಲಕ್ಕಿಂತ ದೊಡ್ಡದು. ಬ್ರಹ್ಮಸೂತ್ರ ಭಾಷ್ಯಕ್ಕೆ ತತ್ತ್ವಪ್ರಕಾಶಿಕಾ ಬರೆದರು. ಸರಿಯಾದ ತಿಳುವಳಿಕೆ ನಮಗೆ ಹೇಗೆ ಬರುತ್ತದೆ, ಕಣ್ಣಿನಿಂದಲೋ, ಊಹೆಯಿಂದಲೋ, ಶಾಸ್ತ್ರದಿಂದಲೋ ಎಂದು ವಿಚಾರ ಮಾಡುವ ಪ್ರಮಾಣಪದ್ಧತಿ ಅವರ ಸ್ವಂತ ಗ್ರಂಥ. ಅವರ ಬರಹದಲ್ಲಿ ಒಂದು ರೀತಿ ಇದೆ. ಎದುರಿನವರ ವಾದವನ್ನು ಮೊದಲು ಪೂರ್ತಿ ಹೇಳಬೇಕು, ಆಮೇಲೆ ಉತ್ತರ ಕೊಡಬೇಕು. ನಮ್ಮ ಚರ್ಚಾಸ್ಪರ್ಧೆಯಲ್ಲಿ ಮಾತ್ರ ಎದುರಿನವರು ಬಾಯಿ ತೆರೆಯುವ ಮೊದಲೇ ನಾವು ಕೂಗ್ತೀವಿ!

ಟೀಕೆಗೆ ಮತ್ತೆ ಟೀಕೆಗಳು ಬಂದವು. ವಿಜಯನಗರದ ವ್ಯಾಸರಾಯರು ತತ್ತ್ವಪ್ರಕಾಶಿಕೆಗೆ ಬರೆದರು. ಮಂತ್ರಾಲಯದ ರಾಘವೇಂದ್ರಸ್ವಾಮಿಗಳು ನ್ಯಾಯಸುಧೆಗೆ ಪರಿಮಳ ಎಂಬ ವ್ಯಾಖ್ಯಾನ ಬರೆದರು.

ಜಯತೀರ್ಥರು ಸುಮಾರು 1365 ರಿಂದ 1388ರ ವರೆಗೆ ಪೀಠದಲ್ಲಿದ್ದರು. ಅವರ ವೃಂದಾವನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ ಎಂದು ಬಹಳ ಜನ ನಂಬುತ್ತಾರೆ. ಆನೆಗೊಂದಿಯಲ್ಲಿದೆ ಎನ್ನುವವರೂ ಇದ್ದಾರೆ. ಪ್ರತಿ ವರ್ಷ ಆಷಾಢ ಬಹುಳ ಪಂಚಮಿಯ ದಿನ ಅವರ ಆರಾಧನೆ ನಡೆಯುತ್ತದೆ.